ಕಣಿ ನುಡಿದವರ ಜಮಾಖರ್ಚು

ಸ್ಟಾಕ್‌ಹೋಮ್ ನಗರದ ಉತ್ತರ ದಿಕ್ಕಿನಲ್ಲಿ, ಎಡ್ಸ್‌ವೀಕೆನ್ ಎಂಬ ಕಡಲ ಚಾಚಿನ ದಂಡೆಯನ್ನು ಹಿಡಿದು ಹಬ್ಬಿರುವ ಸೊಲ್ಲೆಂಟುನಾ ಎಂಬ ಊರು ಕಾಳಗಕ್ಕಾಗಲಿ ಜೂಜಿಗಾಗಲಿ ಹೆಸರಾದುದಲ್ಲ. ನೆರೆಯ ಶೀಸ್ತಾದಲ್ಲಿ ಎರಿಕ್ಸನ್ ಕಂಪೆನಿಯ ಕೇಂದ್ರ ಕಚೇರಿ ಇರುವುದರಿಂದ ಇಲ್ಲಿಯ ಹೆಲೆನೆಲುಂಡ್, ರೂಟೆಬ್ರೂ ಮೊದಲಾದ ರೈಲುನಿಲ್ದಾಣಗಳ ಆಸುಪಾಸಿನಲ್ಲಿ ಕನ್ನಡದ ಸಂಸಾರಗಳೂ ಬಂದು ನೆಲೆಸಿವೆ. ಅಂಥ ಸಂಸಾರವೊಂದರ ಯಜಮಾನರು, ದಾವಣಗೆರೆಯ ಗರಡಿಗಳ ಮಣ್ಣಿನ ವಾಸನೆಯನ್ನು ಇನ್ನೂ ಮರೆಯದವರು, ಮಿಶ್ರ ಸಮರಕಲೆಯ ಪಂದ್ಯಗಳಿಗಾಗಿ ಒಂದು ನೋಟುಪುಸ್ತಕವನ್ನಿಟ್ಟಿದ್ದಾರೆ. ಗೆಲ್ಲುವವನು ಯಾರು, ಯಾವ ವಿಧದಿಂದ, ಎಷ್ಟನೆಯ ಸುತ್ತಿನಲ್ಲಿ, ನೂರಕ್ಕೆ ಎಷ್ಟು ಪಾಲು ಭರವಸೆ ಎಂದು ನಾಲ್ಕು ಅಂಕಣ. ಅವುಗಳ ಕೆಳಗೆ ಕಾರಣವೆಂದು ಒಂದೇ ಒಂದು ಸಾಲು. ಪಂದ್ಯ ಮುಗಿದ ಮೇಲೆ ಕೆಂಪು ಶಾಯಿಯಲ್ಲಿ ಮತ್ತೊಂದು ಸಾಲನ್ನು ಅವರು ಬರೆಯುತ್ತಾರೆ. ಆ ಕೆಂಪು ಸಾಲಿಗಾಗಿಯೇ ಈ ಪುಸ್ತಕವನ್ನು ಓದಬೇಕೆಂಬುದು ನನ್ನ ಮತ.

ಕಾಳಗದ ಮುನ್ನ ಕಣಿ ನುಡಿಯುವುದು ನಮಗೇನೂ ಹೊಸದಲ್ಲ. ತುಳುನಾಡಿನ ಕೋಳಿ ಅಂಕಕ್ಕೆ ಹೊರಡುವವನು ಯಾವ ದಿನ ಯಾವ ನಕ್ಷತ್ರದಲ್ಲಿ ಯಾವ ಬಣ್ಣದ ಹುಂಜವು ಯಾವ ಬಣ್ಣದ್ದನ್ನು ಜಯಿಸುವುದೆಂದು ಕುಕ್ಕುಟ ಪಂಚಾಂಗವನ್ನು ನೋಡಿಕೊಂಡು ಹೋಗುತ್ತಿದ್ದನು. ಮೈಸೂರಿನ ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನವೇ ಹಿರಿಯ ಪೈಲ್ವಾನರು ಭುಜ ತೊಡೆಗಳನ್ನು ಕಣ್ಣಳತೆಯಲ್ಲಿ ಅಳೆದು ತೀರ್ಪು ಕೊಟ್ಟುಬಿಡುತ್ತಿದ್ದರು. ಆದರೆ ಪಂಚಾಂಗದ ಹುಂಜ ಸೋತರೆ ಪಂಚಾಂಗವನ್ನು ಯಾರೂ ಕಟಕಟೆಗೆ ತರಲಿಲ್ಲ. ನುಡಿದುದನ್ನು ಬರೆದಿಟ್ಟು, ನಡೆದುದರೊಡನೆ ತಾಳೆ ನೋಡುವ ವ್ಯವಹಾರ ಬೇರೆಯೇ ಒಂದು ಪರಂಪರೆಯಿಂದ ಬಂದುದು. ಸ್ವೀಡನ್ನಿನ ಮಟ್ಟಿಗೆ ಅದರ ಹುಟ್ಟು ಕಾಳಗದ ಕಣದಲ್ಲಿಲ್ಲ, ಕಾಲ್ಚೆಂಡಿನ ಕೂಪನ್ನಿನಲ್ಲಿದೆ.

1930ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಜನ ಕಾಲ್ಚೆಂಡಿನ ಪಂದ್ಯಗಳ ಮೇಲೆ ಕಳ್ಳದಾರಿಯಲ್ಲಿ ಬಾಜಿ ಕಟ್ಟುವುದು ವಿಪರೀತವಾಗಲು, ನಿಲ್ಲಿಸಲಾಗದುದನ್ನು ನಿಯಮಕ್ಕೊಳಪಡಿಸುವುದೇ ಮೇಲೆಂದು ಬಗೆದ ಸರಕಾರವು 1934ರಲ್ಲಿ ಟಿಪ್ಸ್‌ಷೆನ್ಸ್ಟ್ ಎಂಬ ಸಂಸ್ಥೆಗೆ ಏಕಸ್ವಾಮ್ಯವನ್ನಿತ್ತಿತು. ಸ್ಟ್ರೀಕ್‌ಟಿಪ್ಸೆಟ್ ಎಂಬ ಸಾಪ್ತಾಹಿಕ ಕೂಪನ್ನು ಆಗ ಹುಟ್ಟಿತು. ಇಂದಿಗೂ ನಡೆದಿರುವ ಆ ಕೂಪನ್ನಿನಲ್ಲಿ 13 ಪಂದ್ಯಗಳು, ಒಂದೊಂದರ ಮುಂದೆ ಮೂರು ಗುರುತು: ಒಂದು, ಎಕ್ಸ್, ಎರಡು. ಮನೆಯ ತಂಡ ಗೆದ್ದರೆ ಮೊದಲನೆಯದು, ಸಮವಾದರೆ ನಡುವಿನದು, ಅತಿಥಿ ಗೆದ್ದರೆ ಕೊನೆಯದು. ಒಂದೇ ಗುರುತನ್ನು ಹಾಕಿ ಅದಕ್ಕೆ ಕಟ್ಟುಬೀಳುವುದನ್ನು ಇಲ್ಲಿಯವರು ಮೊಳೆ ಹೊಡೆಯುವುದೆನ್ನುತ್ತಾರೆ. ಎರಡು ಗುರುತು ಹಾಕಿದರೆ ಅರ್ಧ ಕಾವಲು, ಮೂರೂ ಹಾಕಿದರೆ ಪೂರ್ಣ ಕಾವಲು. ಕಾವಲು ಹೆಚ್ಚಿದಷ್ಟೂ ಖರ್ಚು ಹೆಚ್ಚು. ತನ್ನ ಮಾತಿನ ಮೇಲೆ ತನಗೆಷ್ಟು ನಂಬಿಕೆ ಎಂಬುದಕ್ಕೆ ಬೆಲೆ ಕಟ್ಟುವ ಈ ಶಿಕ್ಷಣವನ್ನು ಒಂದು ಇಡಿಯ ದೇಶವು ವಾರವಾರವೂ ಹೊಗೆಸೊಪ್ಪಿನ ಅಂಗಡಿಯಲ್ಲಿ ನಿಂತು ಪಡೆಯಿತು. ಶನಿವಾರ ಸಾಯಂಕಾಲ ಅದರ ಫಲವನ್ನೂ ತಾನೇ ಎಣಿಸಿತು.

ಆದರೆ ಕಾಳಗದ ವಿಷಯದಲ್ಲಿ ಸ್ವೀಡನ್ನಿಗರ ಮನಸ್ಸನ್ನು ರೂಪಿಸಿದುದು 1959ರ ಜೂನ್ 26ರ ರಾತ್ರಿ. ಗೋಥೆನ್‌ಬರ್ಗಿನ ಇಂಗೆಮಾರ್ ಯೋಹಾನ್ಸನ್ ಎಂಬ ಮುಷ್ಟಿಮಲ್ಲನು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ ಜಗಜ್ಜೇತ ಫ್ಲಾಯ್ಡ್ ಪ್ಯಾಟರ್ಸನ್ನನನ್ನು ಎದುರಿಸಿದನು. ಯೋಹಾನ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಹೋರಾಡಲಿಲ್ಲವೆಂಬ ಕಾರಣದಿಂದ ಅನರ್ಹನೆನಿಸಿ ಬೆಳ್ಳಿಯ ಪದಕವನ್ನೂ ಪಡೆಯದೆ ಮರಳಿದವನು. ಅಮೆರಿಕದ ತಾಲೀಮಿನಲ್ಲಿಯೂ ತನ್ನ ಪ್ರಸಿದ್ಧವಾದ ಬಲಗೈ ಹೊಡೆತವನ್ನು ಯಾರಿಗೂ ತೋರಿಸದೆ, ಮನೆಮಂದಿಯೊಡನೆಯೂ ಮದುವೆಯಾಗಲಿದ್ದ ಹೆಣ್ಣಿನೊಡನೆಯೂ ಕಾಲ ಕಳೆಯುತ್ತ, ಸಂಜೆ ನರ್ತನಕ್ಕೆ ಹೋಗುತ್ತಿದ್ದವನು. ಅಲ್ಲಿಯ ಪತ್ರಕರ್ತರು ಕಂಡುದರಿಂದ ಊಹಿಸಿ ಪ್ಯಾಟರ್ಸನ್ನನೇ ಗೆಲ್ಲುವನೆಂದು ನುಡಿದರು. ಮೂರನೆಯ ಸುತ್ತಿನಲ್ಲಿ ಪ್ಯಾಟರ್ಸನ್ ಏಳು ಸಲ ನೆಲಕ್ಕುರುಳಿದ ಬಳಿಕ ನಿರ್ಣಾಯಕನು ಪಂದ್ಯವನ್ನು ನಿಲ್ಲಿಸಿದನು. ಹಿಂದಿನ ಸೆಪ್ಟೆಂಬರಿನಲ್ಲಿ ಗೋಥೆನ್‌ಬರ್ಗಿನಲ್ಲೇ, ಎಡ್ಡಿ ಮ್ಯಾಚೆನ್ ಎಂಬ ಬಲಾಢ್ಯನನ್ನು ಇದೇ ಬಲಗೈ ಮೊದಲ ಸುತ್ತಿನಲ್ಲೇ ಮಲಗಿಸಿದ್ದಿತು. ಆದುದರಿಂದ ಸಾಕ್ಷ್ಯವಿರಲಿಲ್ಲವೆಂದು ಹೇಳುವಂತಿಲ್ಲ. ತಾಲೀಮಿನಲ್ಲಿ ಕಣ್ಣಿಗೆ ಬಿದ್ದುದನ್ನು ಹಿಂದೆ ನಡೆದುದಕ್ಕಿಂತ ದೊಡ್ಡದಾಗಿ ಎಣಿಸಿದುದೇ ಅವರ ದೋಷ. ಸ್ವೀಡನ್ನಿನ ಆಕಾಶವಾಣಿಯು ಇಂಥ ಕ್ರೌರ್ಯವನ್ನು ಬಿತ್ತರಿಸಲೊಪ್ಪದಿದ್ದುದರಿಂದ ದೇಶದ ಜನ ಅಪರಾತ್ರಿಯಲ್ಲೆದ್ದು ರೇಡಿಯೋ ಲಕ್ಸೆಂಬರ್ಗಿನ ಕ್ಷೀಣವಾದ ದನಿಗೆ ಕಿವಿಗೊಟ್ಟು ಈ ಸುದ್ದಿಯನ್ನು ಕೇಳಿದರು.

ಮುಷ್ಟಿಯುದ್ಧದ ಬಗೆಗಿನ ಆ ಸರಕಾರೀ ಸಂಕೋಚವು ಬೆಳೆಯುತ್ತ ಹೋಗಿ ಕಡೆಗೆ ಕಾನೂನಾಯಿತು. 1969ರ ನವೆಂಬರಿನಲ್ಲಿ, ಕೂಪನ್ನಿನ ಪಂದ್ಯವೊಂದನ್ನು ಇಂಗ್ಲೆಂಡಿನಿಂದ ನೇರವಾಗಿ ತೋರಿಸುವ ಟಿಪ್ಸ್‌ಎಕ್ಸ್‌ಟ್ರಾ ಎಂಬ ಕಾರ್ಯಕ್ರಮವು ದೂರದರ್ಶನದಲ್ಲಿ ಮೊದಲಾಗಿ ಮನೆಮನೆಯೂ ಜೋಯಿಸರ ಜಗುಲಿಯಾಯಿತು. ಅದಾಗಿ ಆರು ವಾರ ಕಳೆಯುವಷ್ಟರಲ್ಲಿ, 1970ರ ಹೊಸವರ್ಷದಿಂದ, ವೃತ್ತಿಪರ ಮುಷ್ಟಿಯುದ್ಧವು ನಿಷಿದ್ಧವಾಯಿತು. ಚೆಂಡಿನ ಬಗ್ಗೆ ಎಷ್ಟಾದರೂ ಕಣಿ ನುಡಿಯಿರಿ, ಮೂಗಿನ ಬಗ್ಗೆ ಬೇಡ ಎಂದಂತಾಯಿತು! ಈ ನಿಷೇಧವು ತೆರವಾದುದು 2007ರಲ್ಲಿ, ಅದೂ ಅನುಮತಿ, ವೈದ್ಯಪರೀಕ್ಷೆಗಳ ಬಿಗಿಯಾದ ಕಟ್ಟಳೆಯೊಡನೆ. ಮುಷ್ಟಿ, ಒದೆತ, ಕುಸ್ತಿ, ಕತ್ತುಪಟ್ಟು ಎಲ್ಲವೂ ಸೇರಿದ ಮಿಶ್ರ ಸಮರಕಲೆಯೂ ಆ ಕಟ್ಟಳೆಯ ನೆರಳಿನಲ್ಲೇ ಇಲ್ಲಿ ಬೇರುಬಿಟ್ಟಿತು. ಅಮೆರಿಕದ ಯುಎಫ್‌ಸಿ ಸಂಸ್ಥೆಯು 2012ರ ಏಪ್ರಿಲ್ 14ರಂದು ಸ್ಟಾಕ್‌ಹೋಮಿನ ಗೋಲಾಕಾರದ ಗ್ಲೋಬೆನ್ ಕ್ರೀಡಾಭವನದಲ್ಲಿ ಮೊಟ್ಟಮೊದಲು ಪಂಜರವನ್ನು ನಿಲ್ಲಿಸಿದಾಗ, ಆರ್ಬೂಗಾ ಎಂಬ ಸಣ್ಣ ಊರಿನ ನೀಳಕಾಯದ ತರುಣ ಅಲೆಕ್ಸಾಂಡರ್ ಗುಸ್ತಾಫ್ಸನ್ ಬ್ರೆಜಿಲ್ಲಿನ ಥಿಯಾಗೊ ಸಿಲ್ವನನ್ನು ಸೋಲಿಸಿದನು. ಇಂಗೆಮಾರನ ಅನಂತರ ಕಾಳಗದ ಕಣಿಗೆ ಸ್ವೀಡನ್ನಿಗರಿಗೆ ಒಬ್ಬ ನಾಯಕನು ದೊರೆತನು.

ಆ ನಾಯಕನೇ ಅವರಿಗೆ ಗುರುವೂ ಆದನು. ಅವನ ಪಾಠಗಳು ಮಾತ್ರ ಕಹಿಯಾದವು. 2013ರ ಏಪ್ರಿಲ್ಲಿನಲ್ಲಿ ಗೆಗಾರ್ಡ್ ಮೊಸಾಸಿಯೊಡನೆ ಆತನ ಪಂದ್ಯ ನಿಶ್ಚಯವಾಗಿದ್ದಾಗ, ತಾಲೀಮಿನಲ್ಲಿ ಮುಖಕ್ಕಾದ ಗಾಯವನ್ನು ಪರೀಕ್ಷಿಸಿದ ಸ್ವೀಡಿಷ್ ಒಕ್ಕೂಟವು ಅನುಮತಿಯನ್ನು ನಿರಾಕರಿಸಿತು. ಕೆಲವೇ ದಿನಗಳ ಸೂಚನೆಯ ಮೇಲೆ ಜೊತೆಗಾರ ಇಲಿರ್ ಲತೀಫಿ ಕಣಕ್ಕಿಳಿದು ಸೋತನು. ವಾರಗಟ್ಟಲೆ ವಿವೇಚಿಸಿ ನುಡಿದ ಕಣಿಗಳೆಲ್ಲ ನಿಜವೂ ಆಗದೆ ಸುಳ್ಳೂ ಆಗದೆ ವಜಾ ಆದವು.

ಅದೇ ವರ್ಷದ ಸೆಪ್ಟೆಂಬರ್ 21ರ ಟೊರಾಂಟೊ ಪಂದ್ಯವು ಈ ವಿದ್ಯೆಯ ಅಭ್ಯಾಸಿಗೆ ಇನ್ನೂ ಹೆಚ್ಚಿನ ತೊಡಕನ್ನೊಡ್ಡಿತು. ಎದುರಾಳಿ ಜಾನ್ ಜೋನ್ಸ್, ಲೈಟ್ ಹೆವಿವೇಟ್ ವರ್ಗದ ಜೇತ, ಅಲ್ಲಿಯವರೆಗೆ ಯುಎಫ್‌ಸಿಯಲ್ಲಿ ಯಾರಿಂದಲೂ ನೆಲಕ್ಕೆ ಕೆಡಹಿಸಿಕೊಳ್ಳದವನು. ಜೋನ್ಸನೇ ಗೆಲ್ಲುವನು, ಅದೂ ಲೀಲಾಜಾಲವಾಗಿ ಎಂಬುದು ಸಾರ್ವತ್ರಿಕ ಮತವಾಗಿದ್ದಿತು. ಮೊದಲ ಸುತ್ತಿನಲ್ಲೇ ಗುಸ್ತಾಫ್ಸನ್ ಅವನನ್ನು ಕೆಡಹಿದನು. ಮೂರು ಸುತ್ತುಗಳ ಪರ್ಯಂತ ಸರಿಸಾಟಿಯಾಗಿಯೂ ಒಮ್ಮೊಮ್ಮೆ ಮಿಗಿಲಾಗಿಯೂ ನಿಂತನು. ನಾಲ್ಕನೆಯ ಸುತ್ತಿನ ಕಡೆಯಲ್ಲಿ ಜೋನ್ಸ್ ಗಿರ್ರನೆ ತಿರುಗಿ ಮೊಣಕೈಯಿಂದ ಕೊಟ್ಟ ಪೆಟ್ಟೊಂದು ಪಂದ್ಯದ ಗತಿಯನ್ನು ಬದಲಿಸಿತು. ತೀರ್ಪುಗಾರರ ಅಂಕಗಳು 48–47, 48–47, 49–46. ಮೂವರೂ ಜೋನ್ಸನ ಪಕ್ಷ. ಆ ಲೆಕ್ಕದಲ್ಲಿ ಜೋನ್ಸನೆಂದವರೆಲ್ಲ ಗೆದ್ದರು. ಆದರೆ ಅವರು ಬರೆದಿಟ್ಟ ಕಾರಣವಾದರೋ, ಗುಸ್ತಾಫ್ಸನ್ನನಿಗೆ ಕುಸ್ತಿ ಬಾರದು, ದೂರವನ್ನು ಜೋನ್ಸನೇ ಆಳುವನು ಎಂಬುದು, ಮೊದಲ ಐದು ನಿಮಿಷಗಳಲ್ಲೇ ಚಿತ್ ಬಿದ್ದಿತ್ತು. ಹುಸಿ ಕಾರಣದಿಂದ ನಿಜವಾದ ಫಲವನ್ನು ಹೇಳಿದವನನ್ನು ಬಲ್ಲವನೆನ್ನಬೇಕೆ, ಭಾಗ್ಯವಂತನೆನ್ನಬೇಕೆ? ಗೆದ್ದ ಎಣಿಕೆಯನ್ನಷ್ಟೇ ಡಂಗುರ ಹೊಡೆಯುವ ವೃತ್ತಿಪರ ಜೋಯಿಸರು ಈ ಪ್ರಶ್ನೆಯ ಹತ್ತಿರಕ್ಕೂ ಸುಳಿಯುವುದಿಲ್ಲ.

ಇದಕ್ಕೆ ಪ್ರತಿಯಾದ ಪಾಠವು 2015ರ ಜನವರಿಯಲ್ಲಿ ದೊರೆಯಿತು. ಟೆಲೆ2 ಅರೇನಾದಲ್ಲಿ ಸುಮಾರು 30,000 ಮಂದಿ ನೆರೆದಿದ್ದರು. ಅಮೆರಿಕದ ದೂರದರ್ಶನದ ವೇಳೆಗೆ ಹೊಂದಿಸಿದ್ದ ಕಾರಣ ಮುಖ್ಯ ಪಂದ್ಯವು ಭಾನುವಾರದ ನಸುಕಿಗೆ ಬಂದಿತು. ಆಂಟನಿ ಜಾನ್ಸನ್ನನ ಹೊಡೆತಗಳಿಗೆ ಗುಸ್ತಾಫ್ಸನ್ ಮೊದಲ ಸುತ್ತಿನ 2 ನಿಮಿಷ 15 ಸೆಕೆಂಡಿಗೆ ಕುಸಿದು, ತನ್ನವರ ಮುಂದೆಯೇ ಕಣ್ಣೀರಿಟ್ಟನು. ಗುಸ್ತಾಫ್ಸನ್ನನೇ ಗೆಲ್ಲುವನೆಂದವರ ತರ್ಕದಲ್ಲಿ ಹುರುಳಿಲ್ಲದಿರಲಿಲ್ಲ. ಮೊದಲ ಸುತ್ತನ್ನು ದಾಟಿದರೆ ಜಾನ್ಸನ್ ದಣಿಯುವನೆಂಬ ಮಾತಿಗೆ ಆಧಾರವಿದ್ದಿತು. ಆದರೆ ದಾಟಿದರೆ ಎಂಬ ಷರತ್ತಿನ ತೂಕವನ್ನು ಊರಿನ ಅಭಿಮಾನವು ಕದ್ದಿಟ್ಟಿತು. 2019ರ ಜೂನ್ 1ರಂದು ಗ್ಲೋಬೆನ್ನಿನಲ್ಲಿ ಆಂಟನಿ ಸ್ಮಿತ್ ನಾಲ್ಕನೆಯ ಸುತ್ತಿನಲ್ಲಿ ಕತ್ತುಪಟ್ಟು ಹಾಕಿ ಗುಸ್ತಾಫ್ಸನ್ನನನ್ನು ಮಣಿಸಿದಾಗಲೂ ಹೀಗೆಯೇ ಆಯಿತು.

ಇಂಥ ಅಭಿಮಾನಕ್ಕೆ ದಂಡ ವಿಧಿಸುವ ಉಪಾಯವೊಂದನ್ನು ಗ್ಲೆನ್ ಬ್ರಯರ್ ಎಂಬ ಅಮೆರಿಕದ ಹವಾಮಾನ ಶಾಸ್ತ್ರಜ್ಞನು 1950ರಲ್ಲಿ, ಮಳೆಯ ಮುನ್ಸೂಚನೆಗಳ ಪರಾಮರ್ಶೆಗಾಗಿ ಸೂಚಿಸಿದ್ದನು. ನಮ್ಮ ದಾವಣಗೆರೆಯ ಗೆಳೆಯರು ಅದನ್ನೇ ಅನುಸರಿಸುತ್ತಾರೆ. ನೂರಕ್ಕೆ 80 ಪಾಲು ಭರವಸೆಯಿಂದ ನುಡಿದು ಅದು ಫಲಿಸಿದರೆ ಉಳಿದ 0.2ರ ವರ್ಗ, ಅಂದರೆ 0.04 ಮಾತ್ರ ದಂಡ, ಫಲಿಸದಿದ್ದರೆ 0.8ರ ವರ್ಗ, 0.64. ಏನನ್ನೂ ಅರಿಯದೆ ಅರ್ಧಕ್ಕರ್ಧ ಎಂದವನಿಗೆ ಯಾವಾಗಲೂ 0.25. ಗಟ್ಟಿಯಾಗಿ ಕೂಗಿ ತಪ್ಪಿದವನು ಸುಮ್ಮನಿದ್ದವನಿಗಿಂತ ಕೀಳಾಗುತ್ತಾನೆ ಎಂಬ ಈ ನ್ಯಾಯ ನನಗೆ ಬಲು ಮೆಚ್ಚುಗೆ. ಆದರೂ ಈ ಸೂತ್ರವು ಭರವಸೆಯನ್ನು ಅಳೆಯುತ್ತದೆಯೇ ಹೊರತು ಕಾರಣವನ್ನಲ್ಲ. ಕೆಂಪು ಸಾಲಿನ ಅಗತ್ಯ ಅದರಿಂದಲೇ.

ಚೆಚೆನ್ಯಾದಿಂದ ಬಂದು ಸ್ವೀಡನ್ನಿನಲ್ಲಿ ಪಳಗಿದ ಖಮ್ಜಾತ್ ಚಿಮಾಯೆವ್ 2020ರ ಜುಲೈನಲ್ಲಿ ಹತ್ತು ದಿನಗಳೊಳಗೆ ಎರಡು ಪಂದ್ಯಗಳನ್ನು ಗೆದ್ದ ಮೇಲೆ ಆ ಪುಸ್ತಕದಲ್ಲಿ ಆತನ ಹೆಸರಿನ ಮುಂದೆ ಒಂದೇ ಮಾತು ಮರುಕಳಿಸುತ್ತದೆ: ಮೊದಲ ಎರಡು ಸುತ್ತುಗಳಲ್ಲಿ ಮುಗಿಸಿಯಾನು, ಆಮೇಲೆ ದಣಿದಾನು. 2022ರಲ್ಲಿ ಗಿಲ್ಬರ್ಟ್ ಬರ್ನ್ಸ್ ಮೂರು ಸುತ್ತು ಕಾಡಿದಾಗ ಆ ಮಾತು ಗಟ್ಟಿಯಾಯಿತು. 2025ರ ಆಗಸ್ಟ್ 16ರಂದು ಷಿಕಾಗೊದಲ್ಲಿ, ಈಗ ಸಂಯುಕ್ತ ಅರಬ್ ಸಂಸ್ಥಾನಗಳ ಧ್ವಜದಡಿ ಸೆಣಸುವ ಚಿಮಾಯೆವ್, ಡ್ರಿಕಸ್ ಡು ಪ್ಲೆಸಿಯನ್ನು ಐದೂ ಸುತ್ತುಗಳಲ್ಲಿ ನೆಲಕ್ಕೆ ಒತ್ತಿ ಹಿಡಿದು ಮಿಡಲ್‌ವೇಟ್ ಪಟ್ಟವನ್ನು ಗೆದ್ದನು; ಮೂವರು ತೀರ್ಪುಗಾರರ ಅಂಕವೂ 50–44. ಗೆಳೆಯರ ಕಪ್ಪು ಶಾಯಿ ಚಿಮಾಯೆವ್ ಎಂದಿತ್ತು, ಎರಡನೆಯ ಸುತ್ತು ಎಂದಿತ್ತು, 65 ಎಂದಿತ್ತು. ದಂಡ 0.12ರಷ್ಟೇ ಬಿದ್ದಿತು. ಕೆಂಪು ಶಾಯಿಯಲ್ಲಿ ಅವರು ಬರೆದುದು: ಹೆಸರು ಸರಿ, ದಣಿವಿನ ಮಾತು ತಪ್ಪು, ಅರ್ಧ ಅಂಕ. ಅವರ ಮನೆಯಾಕೆ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಅರ್ಧವೂ ಹೆಚ್ಚಾಯಿತೆಂದು ಗುರುತು ಹಾಕಿದ್ದಾರೆ. ನನ್ನ ಮತವೂ ಆ ಪೆನ್ಸಿಲಿನ ಕಡೆಗೇ.