ಮೂತ್ರ ಪರೀಕ್ಷೆ: ದೇಹ ನುಡಿಯುವ ಸಾಕ್ಷ್ಯ

ಕಾಪುವಿನ ಕಡಲತೀರದಲ್ಲಿ ಬಲೆ ಎಳೆಯುವ ಮೊಗವೀರನಾಗಲಿ, ಕಾರ್ಕಳದಲ್ಲಿ ಕಲ್ಲನ್ನು ಕಡೆಯುವ ಶಿಲ್ಪಿಯಾಗಲಿ, ಉಡುಪಿಯ ಪೇಟೆಯ ವ್ಯಾಪಾರಿಯಾಗಲಿ ಕಾಯಿಲೆಯೆಂದು ಆಸ್ಪತ್ರೆಗೆ ಹೋದರೆ, ವೈದ್ಯರು ಸಾಮಾನ್ಯವಾಗಿ ಮಾಡಿಸುವ ಪರೀಕ್ಷೆಗಳಲ್ಲಿ ಮೂತ್ರ ಪರೀಕ್ಷೆಯೂ ಒಂದು. ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ದೊಡ್ಡ ಪ್ರಯೋಗಶಾಲೆಗಳಲ್ಲಿಯೂ ಹಳ್ಳಿಯ ಆರೋಗ್ಯ ಕೇಂದ್ರದ ಚಿಕ್ಕ ಕೊಠಡಿಯಲ್ಲಿಯೂ ಈ ಪರೀಕ್ಷೆಯನ್ನು ಮಾಡಬಹುದು. ಅದಕ್ಕೆ ತಗಲುವ ವೆಚ್ಚ ಅಲ್ಪ. ಅದು ತಿಳಿಸುವ ಸಂಗತಿಗಳು ಅನೇಕ. ಆದರೆ ವರದಿಯಲ್ಲಿ ‘ಸಕ್ಕರೆ ಇದೆ’, ‘ಆಲ್ಬುಮಿನ್ ಇದೆ’ ಎಂಬ ಮಾತನ್ನು ಕಂಡೊಡನೆ ಕೆಲವರು ಎದೆಗುಂದುತ್ತಾರೆ. ಮತ್ತೆ ಕೆಲವರು, ನೋವೇನೂ ಇಲ್ಲವಲ್ಲ ಎಂದು ಅದನ್ನು ಮಡಿಸಿ ಪೆಟ್ಟಿಗೆಗೆ ಸೇರಿಸುತ್ತಾರೆ. ಎರಡೂ ತಪ್ಪು. ಮೂತ್ರದ ವರದಿಯು ಒಬ್ಬ ಸಾಕ್ಷಿಯ ಹೇಳಿಕೆಯಿದ್ದಂತೆ. ತೀರ್ಪು ಕೊಡುವ ಮೊದಲು ಆ ಸಾಕ್ಷ್ಯವನ್ನು ಪರಿಶೀಲಿಸಬೇಕು.

ಬೆನ್ನೆಲುಬಿನ ಇಕ್ಕೆಲಗಳಲ್ಲಿರುವ ಎರಡು ಮೂತ್ರಪಿಂಡಗಳು ರಕ್ತವನ್ನು ಶೋಧಿಸಿ ಮೂತ್ರವನ್ನು ಉತ್ಪತ್ತಿ ಮಾಡುತ್ತವೆ. ಒಂದೊಂದರಲ್ಲಿಯೂ ನೆಫ್ರಾನ್ ಎಂಬ ಸುಮಾರು 10 ಲಕ್ಷ ಸೂಕ್ಷ್ಮ ಘಟಕಗಳಿವೆ. ಇವುಗಳ ಮೂಲಕ ದಿನಕ್ಕೆ ಸುಮಾರು 180 ಲೀಟರ್ ದ್ರವವು ಶೋಧಿಸಲ್ಪಡುತ್ತದೆ. ಅದರ ಬಹುಭಾಗದ ನೀರು, ಸಕ್ಕರೆ ಮತ್ತು ಲವಣಗಳು ಮರಳಿ ರಕ್ತವನ್ನು ಸೇರುತ್ತವೆ. ಸುಮಾರು ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ದೇಹಕ್ಕೆ ಬೇಕಾದ ವಸ್ತು ಮೂತ್ರದಲ್ಲಿ ಕಂಡುಬಂದರೆ, ಜರಡಿಯ ಕಣ್ಣು ಹರಿದಿರಬಹುದು. ರಕ್ತದಲ್ಲಿ ಆ ವಸ್ತು ಮಿತಿಮೀರಿರಬಹುದು. ಇಲ್ಲವೆ ಮೂತ್ರಮಾರ್ಗದಲ್ಲಿಯೇ ದೋಷವಿರಬಹುದು.

ಈ ಸುಳಿವನ್ನು ಮನುಷ್ಯನು ಬಹು ಹಿಂದೆಯೇ ಗುರುತಿಸಿದ್ದನು. ‘ಮಧುಮೇಹ’ ಎಂಬ ಹೆಸರಿನಲ್ಲಿಯೇ ಜೇನಿನಂತಹ ಮೂತ್ರವೆಂಬ ಅರ್ಥವಿದೆ. ಅಂತಹ ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆ ಹೇಳುತ್ತದೆ. ಆ ಸಿಹಿಗೆ ಸಕ್ಕರೆಯೇ ಕಾರಣವೆಂದು 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ತೋರಿಸಿದನು. ಮೈ ಊದಿಕೊಂಡ ಕೆಲವು ರೋಗಿಗಳ ಮೂತ್ರವನ್ನು ಕಾಯಿಸಿದರೆ ಆಲ್ಬುಮಿನ್ ಹೆಪ್ಪುಗಟ್ಟುವುದನ್ನೂ ಅವರ ಮೂತ್ರಪಿಂಡಗಳು ಕೆಟ್ಟಿರುವುದನ್ನೂ 1827ರಲ್ಲಿ ರಿಚರ್ಡ್ ಬ್ರೈಟ್ ಎಂಬ ವೈದ್ಯನು ಪ್ರಕಟಿಸಿದನು.

ಆಲ್ಬುಮಿನ್ ಒಂದು ಬಗೆಯ ಸಸಾರಜನಕ. ಅದನ್ನು ಪತ್ತೆಹಚ್ಚುವ ಹಳೆಯ ವಿಧಾನವು ಸರಳವಾಗಿದೆ. ಪ್ರನಾಳದ ಮುಕ್ಕಾಲು ಭಾಗ ಮೂತ್ರವನ್ನು ತೆಗೆದುಕೊಂಡು ಮೇಲ್ಭಾಗವನ್ನು ಮಾತ್ರ ಕಾಯಿಸುತ್ತಾರೆ. ಅಲ್ಲಿ ಬಿಳಿಯ ಮಬ್ಬು ಕಾಣಿಸಿಕೊಂಡ ಮಾತ್ರಕ್ಕೆ ಆಲ್ಬುಮಿನ್ ಇದೆಯೆಂದು ಹೇಳಲಾಗದು. ಸಾರರಿಕ್ತ ಅಸಿಟಿಕ್ ಆಮ್ಲದ ಕೆಲವು ಹನಿಗಳನ್ನು ಬಿಟ್ಟಾಗ ಮಬ್ಬು ಕರಗಿಹೋದರೆ ಅದು ನಿರಪಾಯಕರವಾದ ಫಾಸ್ಫೇಟು, ಉಳಿದರೆ ಆಲ್ಬುಮಿನ್. ಹೀಗೆ ಉಳಿದ ಆಲ್ಬುಮಿನ್ ಕೂಡ ಯಾವಾಗಲೂ ರೋಗದ ಗುರುತಲ್ಲ. ಜ್ವರ ಬಂದಾಗ, ಓಟದ ಸ್ಪರ್ಧೆಯಂತಹ ಕಠಿಣ ಶ್ರಮದ ತರುವಾಯ ಅದು ತಾತ್ಕಾಲಿಕವಾಗಿ ಕಾಣಬಹುದು. ಬೆಳೆಯುವ ವಯಸ್ಸಿನ ಕೆಲವರಲ್ಲಿ ಹಗಲು ನಿಂತು ಓಡಾಡುವಾಗ ಮಾತ್ರ ಕಂಡು, ಮಲಗಿ ಎದ್ದ ಮುಂಜಾನೆಯ ಮೂತ್ರದಲ್ಲಿ ಇಲ್ಲವಾಗುತ್ತದೆ. ಮತ್ತೆ ಮತ್ತೆ ಪರೀಕ್ಷಿಸಿದರೂ ಉಳಿದಿದ್ದರೆ ಮಾತ್ರ ಮೂತ್ರಪಿಂಡದ ರೋಗವನ್ನು ಶಂಕಿಸಬೇಕಾಗುತ್ತದೆ.

ಸಕ್ಕರೆಯ ಪತ್ತೆಗೆ ನೀಲಿಬಣ್ಣದ ಬೆನೆಡಿಕ್ಟ್ ದ್ರಾವಣವು ದೀರ್ಘಕಾಲ ಬಳಕೆಯಲ್ಲಿತ್ತು. ಅದಕ್ಕೆ ಕೆಲವು ಹನಿ ಮೂತ್ರವನ್ನು ಸೇರಿಸಿ ಕುದಿಸಿದಾಗ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆಗೆಂಪು ಬಣ್ಣಗಳು ತೋರುತ್ತವೆ. ಅದ್ದಿದೊಡನೆ ಬಣ್ಣ ಬದಲಿಸುವ ಕಾಗದದ ಪಟ್ಟಿಗಳು 1956ರ ಅನಂತರ ಬಳಕೆಗೆ ಬಂದವು. 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆಯು ಸುಮಾರು 180 ಮಿಲಿಗ್ರಾಮನ್ನು ಮೀರಿದಾಗ ಅದು ಸಾಮಾನ್ಯವಾಗಿ ಮೂತ್ರಕ್ಕೆ ಹರಿಯುತ್ತದೆ. ಆದರೆ ಕೆಲವರ ಮೂತ್ರಪಿಂಡಗಳು ರಕ್ತದ ಸಕ್ಕರೆ ಸರಿಯಾಗಿದ್ದಾಗಲೂ ಅದನ್ನು ಬಿಟ್ಟುಕೊಡುತ್ತವೆ. ಆದುದರಿಂದ ರಕ್ತವನ್ನು ಪರೀಕ್ಷಿಸದೆ ಮಧುಮೇಹವನ್ನು ನಿರ್ಧರಿಸುವಂತಿಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದು ದೃಷ್ಟಿಕ್ಷೇತ್ರದಲ್ಲಿ ನಾಲ್ಕೈದು ಕೀವುಕಣಗಳಿರುವುದು ಸಹಜ. ಹೆಚ್ಚು ಕಂಡರೆ ಮೂತ್ರಮಾರ್ಗದ ಸೋಂಕಿರಬಹುದು. ಮಾದರಿಯನ್ನು ಶುಚಿಯಾಗಿ ಹಿಡಿಯದಿದ್ದುದೂ ಕಾರಣವಾಗಿರಬಹುದು. ರಕ್ತಕಣಗಳು ಕಲ್ಲು, ಸೋಂಕು ಅಥವಾ ಮೂತ್ರಪಿಂಡದ ಉರಿಯೂತವನ್ನು ಸೂಚಿಸಬಹುದು. ಮಕ್ಕಳಲ್ಲಿ ಗಂಟಲುನೋವು ಇಲ್ಲವೆ ಚರ್ಮದ ಹುಣ್ಣು ಬಂದುಹೋದ ಕೆಲವು ವಾರಗಳಲ್ಲಿ ಮುಖ ಬಾತು, ಮೂತ್ರವು ಚಹದ ಕಷಾಯದಂತೆ ಕಂದಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಬಣ್ಣವೊಂದನ್ನೇ ನಂಬುವಂತಿಲ್ಲ. ಬೀಟ್‌ರೂಟ್ ತಿಂದವರ ಮೂತ್ರ ಕೆಂಪಾಗಬಹುದು. ಕ್ಷಯರೋಗದ ಒಂದು ಔಷಧಿಯಿಂದ ಕಿತ್ತಳೆಯಾಗಬಹುದು. ಕರಾವಳಿಯ ಬೇಸಗೆಯಲ್ಲಿ ಬೆವರು ಸುರಿಸಿ ದುಡಿಯುವವರು ಸಾಕಷ್ಟು ನೀರು ಕುಡಿಯದಿದ್ದರೆ ಮೂತ್ರವು ಕಡುಹಳದಿಯಾಗುತ್ತದೆ. ನೀರಿನ ಕೊರತೆ ಮುಂದುವರಿದರೆ ಕಲ್ಲು ಬೆಳೆಯಲು ದಾರಿಯಾಗುತ್ತದೆ. ಆದರೆ ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ದುಡಿದವನಿಗೆ ಜ್ವರ, ಮೀನಖಂಡದ ನೋವು ಬಂದು, ಕಣ್ಣೂ ಮೂತ್ರವೂ ಹಳದಿಯಾದರೆ ಅದು ಇಲಿಜ್ವರವಿರಬಹುದು. ಉಡುಪಿ ಜಿಲ್ಲೆಯಲ್ಲಿ ಕಾಣಿಸಿಕೊಳ್ಳುವ ಈ ರೋಗದ ಸೂಕ್ಷ್ಮಜೀವಿಗಳು ಇಲಿ ಮೊದಲಾದ ಪ್ರಾಣಿಗಳ ಮೂತ್ರದಿಂದ ನೀರಿಗೆ ಸೇರಿ, ಕಾಲಿನ ಗಾಯದ ಮೂಲಕ ದೇಹವನ್ನು ಹೊಗುತ್ತವೆ. ಮೂತ್ರಪಿಂಡಗಳನ್ನೂ ಪಿತ್ತಜನಕಾಂಗವನ್ನೂ ಕೆಡಿಸಬಲ್ಲವು. ಬೇಗನೆ ಚಿಕಿತ್ಸೆ ದೊರೆತರೆ ಪ್ರಾಣ ಉಳಿಯುತ್ತದೆ. ಬಿಸಿಲಿನ ಉಷ್ಣವೆಂದು ಎಳನೀರು ಕುಡಿಯುತ್ತ ಕುಳಿತರೆ ಅಪಾಯವಾಗುತ್ತದೆ. ಒಂದೇ ಹಳದಿ ಬಣ್ಣಕ್ಕೆ ಎರಡು ಅರ್ಥಗಳಿವೆ. ಅವನ್ನು ಬೇರ್ಪಡಿಸುವುದು ರೋಗಿಯ ವೃತ್ತಾಂತ ಮತ್ತು ರಕ್ತದ ಪರೀಕ್ಷೆ.

ಸಾಕ್ಷ್ಯವು ನಂಬಲರ್ಹವಾಗಬೇಕಾದರೆ ಮಾದರಿಯು ಶುದ್ಧವಾಗಿರಬೇಕು. ಮೊದಲಿನ ಸ್ವಲ್ಪ ಭಾಗವನ್ನು ಬಿಟ್ಟು, ನಡುವಿನ ಮೂತ್ರವನ್ನು ಶುಚಿಯಾದ ಪಾತ್ರೆಯಲ್ಲಿ ಹಿಡಿದು, ಎರಡು ಗಂಟೆಗಳೊಳಗೆ ಪ್ರಯೋಗಶಾಲೆಗೆ ತಲಪಿಸಬೇಕು. ಸೇವಿಸುತ್ತಿರುವ ಔಷಧಿಗಳನ್ನು ವೈದ್ಯರಿಗೆ ತಿಳಿಸಬೇಕು. ಮೂತ್ರಪಿಂಡವು ಬಹಳ ತಾಳ್ಮೆಯ ಅಂಗ. ತನ್ನ ಶಕ್ತಿಯ ಬಹುಪಾಲು ಕುಂದುವವರೆಗೂ ಅದು ನೋವಿನ ಕೂಗನ್ನು ಎಬ್ಬಿಸದಿರಬಹುದು. ಆದುದರಿಂದಲೇ ಮಧುಮೇಹವೂ ರಕ್ತದ ಒತ್ತಡವೂ ಉಳ್ಳವರು ವರ್ಷಕ್ಕೊಮ್ಮೆಯಾದರೂ ಮೂತ್ರ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯಕ. ಮೌನವಾಗಿರುವ ಆ ಅಂಗದ ಪರವಾಗಿ ಮಾತನಾಡುವುದು ಪ್ರನಾಳದಲ್ಲಿರುವ ಕೆಲವು ಹನಿಗಳು. ಅವುಗಳ ಮಾತಿಗೆ ಹೆದರಬೇಕಾಗಿಲ್ಲ, ಆದರೆ ಕಿವಿಗೊಡಲೇಬೇಕು.