ಕಾಲು ನೋವು ಅಂದಾಗ ನಾನು ಎಣ್ಣೆ ಬಾಟಲಿ ತಂದೆ



ಹಬ್ಬದ ಊಟ, ಮಕ್ಕಳ ನಾಟಕದ ವರದಿಗಳ ನಡುವೆ ಈ ಸಲ ನಮ್ಮ ಮನೆಯ ಒಂದು ವಿಷಯ ಬರೆಯುತ್ತಿದ್ದೇನೆ. ನಾನು ಸಾಫ್ಟ್‌ವೇರ್ ಇಂಜಿನಿಯರ್, ಡಾಕ್ಟರ್ ಅಲ್ಲ. ಆದರೆ ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವ ನಮ್ಮಂಥವರೆಲ್ಲರಿಗೂ ಇದು ತಿಳಿದಿರಬೇಕು ಅನ್ನಿಸಿತು. ಹೆಂಡತಿಯ ಒಪ್ಪಿಗೆ ಕೇಳಿದೆ. "ಬರೀರಿ, ಎಣ್ಣೆ ತಿಕ್ಕಿದ್ದನ್ನೂ ಬಿಡದೆ ಬರೀರಿ" ಅಂದಳು.

ಕಳೆದ ಬೇಸಿಗೆಯಲ್ಲಿ ಅವಳು ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದಳು. ವಾಪಸ್ ಬರುವಾಗ ಬೆಂಗಳೂರಿನಿಂದ ದುಬೈಗೆ ಸುಮಾರು 4 ಗಂಟೆ, ಅಲ್ಲಿಂದ ನ್ಯೂಯಾರ್ಕಿಗೆ ಸುಮಾರು 14 ಗಂಟೆ. ಮಗು ಇವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಎದ್ದರೆ ಮಗು ಎಚ್ಚರವಾಗುತ್ತದೆ ಅಂತ ಇವಳು ಅಲುಗಾಡಲಿಲ್ಲ. ಬಾತ್‌ರೂಮಿಗೆ ಏಳಬೇಕಾಗುತ್ತದೆ ಅಂತ ನೀರನ್ನೂ ಸರಿಯಾಗಿ ಕುಡಿಯಲಿಲ್ಲ.

ನ್ಯೂಜೆರ್ಸಿಯ ಮನೆಗೆ ಬಂದ ಮೂರನೇ ದಿನ ಎಡಗಾಲಿನ ಮೀನಖಂಡ ನೋಯುತ್ತಿದೆ ಅಂದಳು. ಸ್ವಲ್ಪ ಊದಿಕೊಂಡೂ ಇತ್ತು. "ಪ್ರಯಾಣದ ಆಯಾಸ, ಉಳುಕಿರಬೇಕು" ಅಂತ ನಾನೇ ಡಾಕ್ಟರಾಗಿ, ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಐದನೇ ದಿನ ಬೆಳಿಗ್ಗೆ ಬಟ್ಟೆ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದವಳು ಅರ್ಧದಲ್ಲೇ ಕೂತಳು. "ರೀ, ಉಸಿರು ಸಿಗ್ತಾ ಇಲ್ಲ" ಅಂದಳು. ಉಸಿರೆಳೆದರೆ ಎದೆಯಲ್ಲಿ ಚುಚ್ಚುತ್ತಿತ್ತು.

ಆಗಲೂ ನನ್ನ ತಲೆಯಲ್ಲಿ ಓಡಿದ್ದು ಆಂಬುಲೆನ್ಸ್ ಬಿಲ್ ಎಷ್ಟಾಗಬಹುದು ಅಂತ. ಇನ್ಶೂರೆನ್ಸ್ ಕಾರ್ಡಿನ ಹಿಂದಿದ್ದ ನರ್ಸ್ ನಂಬರಿಗೆ ಫೋನ್ ಮಾಡಿದೆ. ಆಕೆ ಎರಡು ಪ್ರಶ್ನೆ ಕೇಳಿ, "ಫೋನ್ ಇಟ್ಟು ಈಗಲೇ 911ಕ್ಕೆ ಕರೆ ಮಾಡಿ" ಅಂದರು.

ಏನಾಗಿತ್ತು?

ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಗಂಟೆಗಟ್ಟಲೆ ಕೂತರೆ ಆ ಪಂಪ್ ನಿಲ್ಲುತ್ತದೆ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇದಕ್ಕೆ ಡೀಪ್ ವೇಯ್ನ್ ಥ್ರಾಂಬೋಸಿಸ್, ಚಿಕ್ಕದಾಗಿ ಡಿವಿಟಿ ಅನ್ನುತ್ತಾರೆ. ಆ ಹೆಪ್ಪಿನ ಚೂರು ಕಳಚಿ, ಹೃದಯದ ಮೂಲಕ ಹಾದು, ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಅದು ಪಲ್ಮನರಿ ಎಂಬಾಲಿಸಂ. ಪ್ರಾಣಕ್ಕೇ ಅಪಾಯ. ಸಿಟಿ ಸ್ಕ್ಯಾನಿನಲ್ಲಿ ಇವಳಿಗೆ ಅದೇ ಕಂಡಿತು. ಹೆಪ್ಪುಗಟ್ಟಿದ ಕಾಲನ್ನು ತಿಕ್ಕಲೇಬಾರದು, ಚೂರು ಕಳಚಬಹುದು ಅಂತ ನನಗೆ ಗೊತ್ತಾದದ್ದು ಅಲ್ಲೇ.

ಎಮರ್ಜೆನ್ಸಿಯಲ್ಲಿ ನರ್ಸ್ ಕೇಳಿದರು: "ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಾರಾ?" ನಾನು ಠೀವಿಯಿಂದ "ಏನೂ ಇಲ್ಲ" ಅಂದೆ. ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದವಳು ಕೈಯೆತ್ತಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತೇನೆ ಅಂದಳು. ಅದು ನನ್ನ ಲೆಕ್ಕದಲ್ಲಿ ಔಷಧಿಯೇ ಆಗಿರಲಿಲ್ಲ! ಈಸ್ಟ್ರೊಜೆನ್ ಇರುವ ಮಾತ್ರೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚಿಸುತ್ತದೆ. ಡಾಕ್ಟರಿಗೆ ಅದು ಮುಖ್ಯವಾದ ಸುಳಿವು. ಎಂಟು ವರ್ಷದ ಸಂಸಾರ, ಹೆಂಡತಿ ದಿನಾ ಏನು ನುಂಗುತ್ತಾಳೆ ಅಂತ ಗೊತ್ತಿಲ್ಲದ ಗಂಡ ನಾನು.

ಮೂರು ದಿನ ಆಸ್ಪತ್ರೆ, ಮೊದಲು ಹೆಪಾರಿನ್, ಆಮೇಲೆ ಮನೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಇಂಥ ಮಾತ್ರೆಯನ್ನು ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು ಕೊಡುತ್ತಾರೆ. ನಿಜವಾದ ಪರೀಕ್ಷೆ ಶುರುವಾದದ್ದು ಮನೆಗೆ ಬಂದ ಮೇಲೆ.

ನಾನು ಕಲಿತದ್ದು

ಬಂದ ದಿನವೇ ನಾನು ಎಕ್ಸೆಲ್ ಶೀಟ್ ಮಾಡಿದೆ. ಗಂಟೆಗೊಮ್ಮೆ ಬೆರಳಿಗೆ ಆಕ್ಸಿಮೀಟರ್ ಹಾಕುವುದು, ರಾತ್ರಿ ಎಬ್ಬಿಸಿ "ಉಸಿರು ಸರಿಯಿದೆಯಾ?" ಅಂತ ಕೇಳುವುದು. ನಾಲ್ಕನೇ ದಿನ ಅವಳು ಹೇಳಿದಳು: "ರೀ, ನಾನು ನಿಮ್ಮ ಆಫೀಸಿನ ಸರ್ವರ್ ಅಲ್ಲ. ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ, ಸಾಕು." ಅವತ್ತಿನಿಂದ ಶೀಟ್ ಮುಚ್ಚಿದೆ. ಡಾಕ್ಟರ್ ಒಪ್ಪಿದ ಮೇಲೆ ಸಂಜೆ ಇಬ್ಬರೂ ಬೀದಿಯ ತುದಿಯವರೆಗೆ ನಡೆಯಲು ಶುರು ಮಾಡಿದೆವು. ಅವಳ ಹೆದರಿಕೆ ಮಾತಾಗಿ ಹೊರಗೆ ಬಂದದ್ದು ಆ ನಡಿಗೆಯಲ್ಲಿ. "ನನಗೇನಾದ್ರೂ ಆಗಿದ್ರೆ ಮಗೂಗೆ ಜಡೆ ಯಾರು ಹಾಕ್ತಿದ್ರು?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಮರುದಿನದಿಂದ ಜಡೆ ಹಾಕುವುದನ್ನು ಕಲಿತೆ.

ಊರಿಗೆ ತಿಳಿಸದೆ ಎರಡು ದಿನ ಮುಚ್ಚಿಟ್ಟೆ. ದಿನಾ ಬರುವ ಫೋನ್ ಬರಲಿಲ್ಲವೆಂದು ಅತ್ತೆಯವರಿಗೆ ಆಗಲೇ ಅನುಮಾನ. ಕೊನೆಗೆ ನಿಜ ಹೇಳಿದಾಗ ಅವರು ಅತ್ತದ್ದು ಕಾಯಿಲೆಗಿಂತ ನಾವು ಮುಚ್ಚಿಟ್ಟದ್ದಕ್ಕೆ. ಸ್ಥಿತಿ ಸ್ವಲ್ಪ ಸ್ಪಷ್ಟವಾದ ಕೂಡಲೇ ಹೇಳಿಬಿಡುವುದೇ ಒಳ್ಳೆಯದು.

ಇನ್ನು ಕೆಲವು ಕೆಲಸದ ಮಾತು:

1. ಒಂದೇ ಕಾಲು ಊದುವುದು, ನೋವು, ಬಿಸಿ, ಕೆಂಪು ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ, ಎದೆನೋವು, ಕೆಮ್ಮಿದಾಗ ರಕ್ತ, ತಲೆ ಸುತ್ತಿ ಬೀಳುವುದು ಇದ್ದರೆ 911. ನೀವೇ ಕಾರು ಓಡಿಸಬೇಡಿ.

2. ಮನೆಯವರೆಲ್ಲರ ಔಷಧಿ, ಅಲರ್ಜಿ, ಡಾಕ್ಟರ ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆದು ಪರ್ಸಿನಲ್ಲಿಡಿ. ಗರ್ಭನಿರೋಧಕ ಮಾತ್ರೆ, ಕಷಾಯ, ಆಯುರ್ವೇದದ ಲೇಹ್ಯ ಎಲ್ಲವೂ ಅದರಲ್ಲಿರಲಿ.

3. ಡಾಕ್ಟರ್ ಹೇಳಿದ್ದನ್ನು ಮಲಗಿರುವವರು ನೆನಪಿಡುವುದು ಕಷ್ಟ. ಬರೆದುಕೊಳ್ಳುವುದು ನಿಮ್ಮ ಕೆಲಸ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವಾಗ ಡಾಕ್ಟರನ್ನು ಕೇಳದೆ ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವವಾಗಬಹುದು. ಸೊಪ್ಪು ತಿನ್ನಲೇಬಾರದು ಅಂತ ಹಲವರು ಹೇಳಿದರು. ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣ ದಿನಾ ಒಂದೇ ಸಮ ಇರುವಂತೆ ನೋಡಿಕೊಳ್ಳಬೇಕು. ಇವಳಿಗೆ ಕೊಟ್ಟ ಎಪಿಕ್ಸಬಾನ್ ಮಾತ್ರೆಗೆ ಆ ಕಟ್ಟುಪಾಡಿಲ್ಲ.

4. 1993ರ ಫ್ಯಾಮಿಲಿ ಅಂಡ್ ಮೆಡಿಕಲ್ ಲೀವ್ ಕಾಯ್ದೆಯಡಿ ಅರ್ಹರಿಗೆ ಸಂಗಾತಿಯ ಗಂಭೀರ ಕಾಯಿಲೆಗೆ ವರ್ಷದಲ್ಲಿ 12 ವಾರದವರೆಗೆ ಸಂಬಳವಿಲ್ಲದ ರಜೆ ಸಿಗುತ್ತದೆ, ಕೆಲಸ ಹೋಗುವುದಿಲ್ಲ. ಸಂಕೋಚಪಡದೆ ಎಚ್.ಆರ್.ನವರನ್ನು ಕೇಳಿ.

5. ಸ್ನೇಹಿತರು "ಏನಾದ್ರೂ ಬೇಕಾ?" ಅಂದರೆ "ಏನೂ ಬೇಡ" ಅನ್ನಬೇಡಿ. "ಮಂಗಳವಾರ ಸಾರು ತನ್ನಿ" ಅನ್ನಿ. ಹಾಗೆ ಬಂದ ಸಾರು ನಮ್ಮನ್ನು ಎರಡು ವಾರ ಕಾಪಾಡಿತು.

ವಿಮಾನ ಹತ್ತಲು ಹೆದರಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 4 ಗಂಟೆಗೂ ಹೆಚ್ಚು ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆದರೂ ಅದು ಸುಮಾರು 6,000ದಲ್ಲಿ ಒಬ್ಬರಿಗೆ. ಆಗಾಗ ಎದ್ದು ಓಡಾಡಿ, ಕೂತಲ್ಲೇ ಪಾದ ಆಡಿಸಿ, ನೀರು ಕುಡಿಯಿರಿ. ಗರ್ಭಿಣಿಯರು, ಬಾಣಂತಿಯರು, ಈಚೆಗೆ ಆಪರೇಷನ್ ಆದವರು, ಈಸ್ಟ್ರೊಜೆನ್ ಮಾತ್ರೆ ತೆಗೆದುಕೊಳ್ಳುವವರು ಟಿಕೆಟ್ ಕೊಳ್ಳುವಾಗಲೇ ಡಾಕ್ಟರನ್ನು ಕೇಳಿ.

ಇವಳು ಈಗ ಆರೋಗ್ಯವಾಗಿದ್ದಾಳೆ. ಮುಂದಿನ ಸಲ ಮೂವರೂ ಒಟ್ಟಿಗೆ ಹೋಗುತ್ತೇವೆ, ಮಗು ನನ್ನ ತೊಡೆಯ ಮೇಲೆ ಮಲಗುತ್ತದೆ, ಇವಳು ಎದ್ದು ಓಡಾಡುತ್ತಾಳೆ ಅಂತ ಒಪ್ಪಂದವಾಗಿದೆ.

ನಿಮ್ಮಲ್ಲಿ ಒಂದೇ ವಿನಂತಿ. ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯವರನ್ನು ಕೇಳಿ: "ನೀನು ಯಾವ ಯಾವ ಮಾತ್ರೆ ತಗೋತೀಯ?" ಉತ್ತರ ನಿಮಗೆ ಮೊದಲೇ ಗೊತ್ತಿದ್ದರೆ ನೀವು ನನಗಿಂತ ಜಾಣರು.

ಎಲ್ಲರೂ ಆರೋಗ್ಯವಾಗಿರಿ.