ಸೀಜಾದ ಎಂಜಿನ್ನು, ಪಿಸ್ಟನ್ನಿನ ಗೀರು

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಹಳೆಯ ಮಾವಿನ ತೋಪುಗಳಲ್ಲಿ ಕೊಂಬೆ ಸವರುವುದಕ್ಕೂ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹೊಲಗಳ ಬದುವಿನಲ್ಲಿ ಬೆಳೆದ ಜಾಲಿ, ಬೇವುಗಳನ್ನು ತುಂಡರಿಸುವುದಕ್ಕೂ ಬಳಕೆಯಾಗುವ ಪೆಟ್ರೋಲ್ ಚೈನ್‌ಸಾ ಯಂತ್ರದಲ್ಲಿರುವುದು ಸಾಮಾನ್ಯವಾಗಿ ಟೂ-ಸ್ಟ್ರೋಕ್ ಎಂಜಿನ್. ಬೈಕಿನ ಎಂಜಿನ್ನಿನಲ್ಲಿರುವಂತೆ ಇದರ ತಳದಲ್ಲಿ ಆಯಿಲ್ ತುಂಬಿರುವುದಿಲ್ಲ. ಯಂತ್ರವನ್ನು ಅಡ್ಡಲಾಗಿ, ತಲೆಕೆಳಗಾಗಿ ಹೇಗೆ ಹಿಡಿದರೂ ಓಡಬೇಕಾದ್ದರಿಂದ, ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಆಯಿಲೇ ಕ್ರ್ಯಾಂಕ್ ಕೋಣೆಯ ಮೂಲಕ ಹಾದು ಬೇರಿಂಗು, ಪಿಸ್ಟನ್ನು, ಸಿಲಿಂಡರುಗಳನ್ನು ನುಣುಪಾಗಿ ಇಡುತ್ತದೆ. 50ಕ್ಕೆ 1ರ ಪ್ರಮಾಣವೆಂದರೆ ಲೀಟರಿಗೆ ಕೇವಲ 20 ಮಿಲಿಲೀಟರ್ ಆಯಿಲ್. ನಿಮಿಷಕ್ಕೆ 9,000 ಸುತ್ತು, ಅಂದರೆ ಸೆಕೆಂಡಿಗೆ 150 ಬಾರಿ ಉರಿಯುವ ಎಂಜಿನ್ನಿನ ಜೀವ ಇಷ್ಟು ತೆಳುವಾದ ಪೊರೆಯ ಮೇಲೆ ನಿಂತಿದೆ.

ಆ ಪೊರೆ ಹರಿದಾಗ ಅಲ್ಯೂಮಿನಿಯಂ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿನ ಗೋಡೆಗೆ ಉಜ್ಜುತ್ತದೆ, ಅದರ ಮೈಯ ಲೋಹ ಮೆತ್ತಗಾಗಿ ಗೋಡೆಗೆ ಬಳಿದುಕೊಳ್ಳುತ್ತದೆ, ಕೊನೆಗೆ ಎಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ. ಇದನ್ನೇ ಮೆಕ್ಯಾನಿಕರು ಸೀಜ್ ಎನ್ನುತ್ತಾರೆ. ಪಿಸ್ಟನ್ ಮತ್ತು ರಿಂಗುಗಳ ಹೊಸ ಸೆಟ್ ತಂದು ಜೋಡಿಸುವುದು ಮನೆಯಲ್ಲೇ ಆಗಬಹುದಾದ ಕೆಲಸ. ಆದರೆ ಸೀಜಾದ ಕಾರಣವನ್ನು ಹುಡುಕದೆ ಜೋಡಿಸಿದರೆ ಹೊಸ ಪಿಸ್ಟನ್ನೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಆದ್ದರಿಂದ ಹಳೆಯ ಪಿಸ್ಟನ್ನನ್ನು ಎಸೆಯುವ ಮುನ್ನ ಅದರ ಗೀರುಗಳನ್ನು ಪರೀಕ್ಷಿಸುವುದೇ ಇಡೀ ದುರಸ್ತಿಯ ಮುಖ್ಯ ಹಂತ.

ಗೀರುಗಳು ಪಿಸ್ಟನ್ನಿನ ಸುತ್ತಲೂ ಇದ್ದರೆ ಆಯಿಲ್ ಬೆರೆಸದ ಪೆಟ್ರೋಲನ್ನು ಹಾಕಿರುವ ಸಂಭವ ಹೆಚ್ಚು. ಸೈಲೆನ್ಸರಿನ ಕಡೆಗೆ ಮಾತ್ರ ಇದ್ದರೆ ಪೆಟ್ರೋಲಿನ ಪ್ರಮಾಣಕ್ಕೆ ಗಾಳಿ ಹೆಚ್ಚಾಗಿತ್ತೆಂದು ಶಂಕಿಸಬೇಕು: ಸವೆದ ಕ್ರ್ಯಾಂಕ್ ಸೀಲು, ಸೀಳಿದ ರಬ್ಬರ್ ಕೊಳವೆ ಅಥವಾ ಕಟ್ಟಿಕೊಂಡ ಪೆಟ್ರೋಲ್ ಫಿಲ್ಟರ್ ಇದಕ್ಕೆ ಕಾರಣವಾಗಬಹುದು. ಗಾಳಿ ಒಳಬರುವ ಕಡೆಯ ಮೈ ಮಾಸಿ ಸವೆದಿದ್ದರೆ ಧೂಳು ಏರ್ ಫಿಲ್ಟರನ್ನು ದಾಟಿದೆ ಎಂದರ್ಥ; ಬೇಸಿಗೆಯಲ್ಲಿ ಎರೆಹೊಲದ ಧೂಳಿನ ನಡುವೆ ಕೆಲಸ ಮಾಡುವ ಯಂತ್ರಕ್ಕೆ ಈ ಅಪಾಯ ಸದಾ ಇದ್ದೇ ಇರುತ್ತದೆ.

ಇತ್ತೀಚೆಗೆ ಎಂಜಿನ್ ಸೀಜಾಗುವುದಕ್ಕೆ ಇನ್ನೊಂದು ಕಾರಣ ಸೇರಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ, ಮತ್ತು ಕಬ್ಬಿನ ಜೊತೆಗೆ ಹಾವೇರಿ ಜಿಲ್ಲೆಯ ಮುಖ್ಯ ಬೆಳೆಯಾದ ಗೋವಿನಜೋಳವೂ ಎಥೆನಾಲಿನ ಕಚ್ಚಾವಸ್ತುವಾಗಿದೆ. ರೈತನಿಗೆ ಹೊಸ ಮಾರುಕಟ್ಟೆ ತೆರೆದ ಈ ಇಂಧನ, ಅದಕ್ಕೆಂದು ಹೊಂದಿಸದ ಸಣ್ಣ ಎಂಜಿನ್ನಿಗೆ ಕಷ್ಟ ಕೊಡಬಲ್ಲದು. ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ, ತನ್ನೊಳಗೇ ಆಮ್ಲಜನಕವಿರುವ ಎಥೆನಾಲಿಗೆ ಸುಮಾರು 9 ಕಿಲೋ ಸಾಕು. ಹಾಗಾಗಿ ಕಾರ್ಬ್ಯುರೇಟರಿನ ಹಳೆಯ ಹೊಂದಾಣಿಕೆಯಲ್ಲೇ ಇ20 ಹಾಕಿದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಎಂಜಿನ್ ಬಿಸಿಯೇರುತ್ತದೆ. ಎಥೆನಾಲ್ ನೀರನ್ನೂ ಹೀರಿಕೊಳ್ಳುವುದರಿಂದ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಇಂಧನ ಎರಡು ಪದರಗಳಾಗಿ ಬೇರ್ಪಡಬಹುದು; ಆಗ ತಳದಿಂದ ಎಂಜಿನ್ನಿಗೆ ಹೋಗುವುದು ಆಯಿಲ್ ಅಷ್ಟಾಗಿ ಇಲ್ಲದ ಪದರ.

ಸಿಲಿಂಡರನ್ನು ಉಳಿಸಿಕೊಳ್ಳಬಹುದೇ ಎಂಬುದು ಅದರ ಒಳಲೇಪವನ್ನು ಅವಲಂಬಿಸಿದೆ. ಅಲ್ಯೂಮಿನಿಯಂ ಗೋಡೆಯ ಮೇಲೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಗಟ್ಟಿ ಪದರವಿರುವ ಸಿಲಿಂಡರುಗಳಲ್ಲಿ (ಜರ್ಮನಿಯ ಮಾಹ್ಲೆ ಕಂಪನಿ 1967ರಲ್ಲಿ ಇದನ್ನು ರೂಪಿಸಿತು) ಬಳಿದುಕೊಂಡ ಅಲ್ಯೂಮಿನಿಯಮನ್ನು ಹತ್ತಿಯ ಕಡ್ಡಿಯಿಂದ ಹೈಡ್ರೋಕ್ಲೋರಿಕ್ ಆಮ್ಲ ಹಚ್ಚಿ ಕರಗಿಸಬಹುದು. ನಿಕಲ್ ಈ ಆಮ್ಲಕ್ಕೆ ಬಹಳ ನಿಧಾನವಾಗಿ ಮಾತ್ರ ಕರಗುತ್ತದೆ. ಆದರೆ ಕ್ರೋಮ್ ಲೇಪದ ಸಿಲಿಂಡರಿಗೆ ಇದೇ ಆಮ್ಲ ಮಾರಕ, ಏಕೆಂದರೆ ಅದು ಕ್ರೋಮನ್ನೂ ಕರಗಿಸುತ್ತದೆ. ಅಲ್ಲಿ ಕಾಸ್ಟಿಕ್ ಸೋಡಾ ದ್ರಾವಣವೇ ಸರಿ. ಎರಡರಲ್ಲೂ ಹೈಡ್ರೋಜನ್ ಅನಿಲ ಹೊಮ್ಮುವುದರಿಂದ ಬಯಲಿನಲ್ಲಿ, ಬೆಂಕಿಯಿಂದ ದೂರ, ಕೈಗವಸು ಮತ್ತು ಕನ್ನಡಕ ಧರಿಸಿಯೇ ಈ ಕೆಲಸ ಮಾಡಬೇಕು. ಚೆನ್ನಾಗಿ ನೀರಿನಲ್ಲಿ ತೊಳೆದು ಒಣಗಿಸಿದ ಮೇಲೂ ಉಗುರಿಗೆ ಗೀರು ತಾಗಿದರೆ, ಅಥವಾ ಲೇಪ ಹರಿದು ಕೆಳಗಿನ ಲೋಹ ಕಂಡರೆ ಸಿಲಿಂಡರನ್ನು ಬದಲಿಸದೆ ಗತಿಯಿಲ್ಲ.

ಜೋಡಿಸುವಾಗ ಪಿಸ್ಟನ್ನಿನ ನೆತ್ತಿಯ ಬಾಣ ಸಾಮಾನ್ಯವಾಗಿ ಸೈಲೆನ್ಸರಿನ ಕಡೆಗಿರಬೇಕು, ರಿಂಗಿನ ತುದಿಗಳು ತೋಡಿನಲ್ಲಿರುವ ಸಣ್ಣ ಪಿನ್ನನ್ನು ಎರಡು ಬದಿಯಿಂದ ತಬ್ಬಿ ಕೂರಬೇಕು, ಪಿಸ್ಟನ್ ಪಿನ್ನಿನ ಲಾಕುಗಳು ಹೊಸವೇ ಆಗಿರಬೇಕು. ಬಳಿಕ ಗಾಳಿಯ ಮತ್ತು ಹೊಗೆಯ ದಾರಿಗಳನ್ನು ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿಯಾಗಿ ಮುಚ್ಚಿ, ಒಳಗೆ ಅರ್ಧ ಬಾರ್ ಒತ್ತಡದ ಗಾಳಿ ತುಂಬಿ, ಸೀಲುಗಳ ಬಳಿ ಸೋಪಿನ ನೀರು ಹಚ್ಚಿ ನೋಡಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಅವಸರದಲ್ಲಿ ಬಿಟ್ಟುಬಿಡುವ ಪರೀಕ್ಷೆ ಇದೇ, ಮತ್ತು ಹೊಸ ಪಿಸ್ಟನ್ನನ್ನು ಕಾಯುವುದೂ ಇದೇ. ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಕಾರ್ಬ್ಯುರೇಟರಿನಲ್ಲಿ ಹೆಚ್ಚು ವೇಗದ ಪೆಟ್ರೋಲನ್ನು ಹೊಂದಿಸುವ ಎಚ್ ಸ್ಕ್ರೂವನ್ನು ಸ್ವಲ್ಪ ತೆರೆದು, ಪೂರ್ಣ ವೇಗದಲ್ಲಿ ಬರಿದೆ ಓಡುವಾಗ ಎಂಜಿನ್ನಿನ ದನಿ ತುಸು ಒಡೆದಂತೆ ಕೇಳಿ, ಮರಕ್ಕೆ ಒತ್ತಿದಾಗ ಸ್ವಚ್ಛವಾಗುವಂತೆ ಹೊಂದಿಸಬೇಕು.